ಹಕ್ಕಿಯುಂಗುರದ ಲೋಟ

ನಾನು ದಿನಾ ಕಾಫಿ ಕುಡಿಯುವ ಸ್ಟೀಲ್ ಲೋಟದ ಮೇಲೆ, ಅಂಚಿನಿಂದ ಎರಡು ಬೆರಳು ಕೆಳಗೆ, ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಒಂದು ಸಾಲಿದೆ: 'ಹಕ್ಕಿ ಉಂಗುರ ತಂದುಕೊಟ್ಟವರಿಗೆ ಬಹುಮಾನ'. ಹೊಸದಾಗಿ ಮನೆಗೆ ಬಂದವರಿಗೆ ಅಪ್ಪಿತಪ್ಪಿ ಆ ಲೋಟದಲ್ಲಿ ಕಾಫಿ ಹೋದರೆ ಅವರು ಅರ್ಧ ಕುಡಿದು, ಲೋಟ ತಿರುಗಿಸಿ ಓದಿ, ನನ್ನ ಮುಖ ನೋಡುತ್ತಾರೆ. ನಾನು ಯಾವುದೋ ಕಾಲದಲ್ಲಿ ಯಾವುದೋ ಹಕ್ಕಿಯ ಉಂಗುರ ಹುಡುಕಿಕೊಟ್ಟ ಶೂರನೆಂದು ಅವರು ತಿಳಿಯುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಅವರೇನೂ ತಂದ್ಕೊಟ್ಟಿಲ್ಲರೀ, ಮಿಕ್ಕಿದ್ದನ್ನ ಮನೆಗೆ ತಂದ್ಕೊಂಡಿದ್ದು" ಎಂದು ಹೇಳಿಬಿಡುತ್ತಾಳೆ. ಅವಳು ಹೇಳುವುದು ನಿಜ. ಅಂಥವು ಹನ್ನೆರಡು ಲೋಟ ಮಾಡಿಸಿದ್ದೆವು. ಉಂಗುರ ತಂದುಕೊಟ್ಟು ಲೋಟ ಗೆದ್ದವರು ಒಬ್ಬರೂ ಇಲ್ಲ.

ಪಾತ್ರೆಯ ಮೇಲೆ ಹೆಸರು ಕೊರೆಸುವ ರೂಢಿ ಈಗ ಕಡಿಮೆ. ನಾನು ಚಿಕ್ಕವನಾಗಿದ್ದಾಗ ಚನ್ನಗಿರಿಯಲ್ಲಿ ಹೆಸರಿಲ್ಲದ ಪಾತ್ರೆಯೆಂದರೆ ಮೂಗುದಾರವಿಲ್ಲದ ದನ ಇದ್ದ ಹಾಗೆ. ಮದುವೆಗೋ ತೊಟ್ಟಿಲಿಗೋ ಎಂದು ಮನೆ ಬಿಟ್ಟರೆ ಯಾರ ಹಿತ್ತಲಲ್ಲಿ ಬೇಕಾದರೂ ನಿಂತುಬಿಡುತ್ತಿತ್ತು. ಹೆಸರು ಕೊರೆಸಿದ್ದು ಮಾತ್ರ ಎಲ್ಲಿ ಹೋದರೂ ತಿರುಗಿ ಬರುತ್ತಿತ್ತು. ಇನ್ನೊಬ್ಬರ ಹೆಸರಿನ ಪಾತ್ರೆ ಮನೆಯಲ್ಲಿಟ್ಟುಕೊಳ್ಳುವುದು ನಮ್ಮಮ್ಮನ ದೃಷ್ಟಿಯಲ್ಲಿ ಸುಳ್ಳುಸಾಕ್ಷಿ ಹೇಳಿದಷ್ಟೇ ಪಾಪ. ಆದರೂ ನಮ್ಮ ಅಡುಗೆಮನೆಯಲ್ಲಿ 'ಗೌರಮ್ಮ' ಎಂದು ಕೊರೆದ ಒಂದು ಹಿತ್ತಾಳೆ ಸೌಟು ಇತ್ತು. ನಮ್ಮ ನೆಂಟರಿಷ್ಟರಲ್ಲಿ ಗೌರಮ್ಮ ಎಂಬವರೇ ಇರಲಿಲ್ಲ. ಅದರ ವಿಚಾರ ಕೇಳಿದರೆ ಅಮ್ಮನಿಗೆ ಆ ಹೊತ್ತಿನ ಮಟ್ಟಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹಕ್ಕಿಯ ಕಾಲಿಗೆ ಉಂಗುರ ತೊಡಿಸುವುದೂ ಪಾತ್ರೆಗೆ ಹೆಸರು ಕೊರೆಸಿದ ಹಾಗೇ ಎಂದು ನನಗೆ ತಿಳಿಸಿಕೊಟ್ಟವರು ಸವಳಂಗದಲ್ಲಿದ್ದ ಬಸಲಿಂಗಪ್ಪನವರು. ಅವರು ರಿಟೈರಾದ ದನದ ಡಾಕ್ಟರು. ಹೊನ್ನಾಳಿ ತಾಲ್ಲೂಕಿನ ಎತ್ತು ಎಮ್ಮೆಗಳಿಗೆಲ್ಲ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸಿ ಕುಡಿಸಿ ಅವರ ಎಡ ಅಂಗೈ ಅಗಲವಾಗಿಬಿಟ್ಟಿತ್ತು. ಆ ಅಂಗೈಯಲ್ಲಿ ಒಂದು ಹಕ್ಕಿ ಹಿಡಿದುಕೊಂಡರೆ ಅದು ಸುಮ್ಮನೆ ಮಲಗಿರುತ್ತಿತ್ತು. ಈ ವಯಸ್ಸಿನಲ್ಲಿ ಹಕ್ಕಿ ಸಹವಾಸ ಯಾಕೆ ಎಂದು ಕೇಳಿದವರಿಗೆ ಅವರು, "ಮೂವತ್ತು ವರ್ಷ ಕಾಯಿಲೆ ಬಿದ್ದಿದ್ದನ್ನೇ ಮುಟ್ಟಿ ನೋಡಿದ್ದಾಯ್ತು. ಇನ್ನು ಮೇಲಾದ್ರೂ ಆರೋಗ್ಯವಾಗಿರೋದನ್ನ ಮುಟ್ಟಿ ನೋಡಾಣ ಅಂತ" ಎನ್ನುತ್ತಿದ್ದರು.

ಎಂಬತ್ತರ ದಶಕ ಆಗತಾನೇ ಕಣ್ಣು ಬಿಟ್ಟಿತ್ತು. ನಾನು ನ್ಯಾಮತಿಯಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಡಾಕ್ಟರು ಒಂದು ದಿನ ನಮ್ಮ ಶಾಲೆಗೆ ಬಂದು, ಸಣ್ಣ ಅಕ್ಷರ ದುಂಡಗೆ ಬರೆಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಹೆಡ್‌ಮೇಷ್ಟ್ರು ನನ್ನನ್ನು ತೋರಿಸಿದರು. "ಇವರ ಅಕ್ಷರ ಹೆಂಗೈತೋ ಗೊತ್ತಿಲ್ಲ, ಇನ್ನೂ ಮದುವೆ ಆಗಿಲ್ಲ, ಭಾನುವಾರ ಖಾಲಿ ಇರ್ತಾರೆ" ಎಂದರು. ಹೀಗೆ ನಾನು ಪಕ್ಷಿಶಾಸ್ತ್ರ ಪ್ರವೇಶ ಮಾಡಿದೆ. ಅದಕ್ಕೆ ಮೊದಲು ಹಕ್ಕಿಗಳ ಜೊತೆ ನನಗಿದ್ದ ಅನುಭವವೆಂದರೆ ಬೇಸಿಗೆ ರಜೆಯಲ್ಲಿ ಮಾಳಿಗೆಯ ಮೇಲೆ ಕಪ್ಪು ಕೊಡೆ ಹಿಡಿದು ಸಂಡಿಗೆ ಕಾಯ್ದದ್ದು. ಅದರಲ್ಲೂ ನಾನು ಹೆಸರು ಮಾಡಿದವನಲ್ಲ. ಕೊಡೆಯ ನೆರಳಿನಲ್ಲಿ ನಾನು ನಿದ್ದೆ ಮಾಡುತ್ತಿದ್ದೆ, ಕಾಗೆಗಳು ಊಟ ಮಾಡುತ್ತಿದ್ದವು.

ಸಂಕ್ರಾಂತಿ ಕಳೆದು ಯುಗಾದಿ ಬರುವ ತನಕ ನಮ್ಮ ಕೆಲಸ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿ ಸವಳಂಗಕ್ಕೆ ಹೋದರೆ ರಾತ್ರಿ ಡಾಕ್ಟರ ಮನೆಯ ಜಗಲಿಯಲ್ಲಿ ಮಲಗುವುದು, ಭಾನುವಾರ ಹೊತ್ತು ಮೂಡುವುದರೊಳಗೆ ಕೆರೆಯಂಗಳಕ್ಕೆ ಹೋಗುವುದು. ಅಲ್ಲಿ ಜೊಂಡಿನ ಪಕ್ಕ ಎರಡು ಬಿದಿರು ಗಳ ನೆಟ್ಟು, ಕೂದಲೆಳೆಯಂಥ ಕರಿ ದಾರದ ಬಲೆ ಕಟ್ಟಿ ಕೆಂಚಪ್ಪ ಕಾಯುತ್ತಿದ್ದ. ಕೆಂಚಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಅವನ ನೌಕರಿ, ಬಲೆಗೆ ಬಿದ್ದ ಹಕ್ಕಿಯನ್ನು ಒಂದು ಗರಿ ಮುರಿಯದಂತೆ ಬಿಡಿಸುವುದು ಅವನ ಹೆಚ್ಚುಗಾರಿಕೆ. ನಾನು ಬಿಡಿಸಲು ಹೋದರೆ ಹಕ್ಕಿ, ಬಲೆ, ನನ್ನ ಶರ್ಟಿನ ಗುಂಡಿ ಮೂರೂ ಸೇರಿ ಒಂದೇ ಗಂಟಾಗುತ್ತಿತ್ತು. ಆಮೇಲೆ ಕೆಂಚಪ್ಪ ಬಂದು ಮೊದಲು ಹಕ್ಕಿಯನ್ನು ಬಿಡಿಸಿ, ಪುರುಸೊತ್ತಾದಾಗ ನನ್ನನ್ನು ಬಿಡಿಸುತ್ತಿದ್ದ.

ನಮ್ಮ ಬಲೆಗೆ ಹೆಚ್ಚಾಗಿ ಬೀಳುತ್ತಿದ್ದದ್ದು ಜೋಳದಕ್ಕಿ. ಗೊರವಂಕನ ಅಳತೆ, ಕರಿ ತಲೆ, ಕರಿ ರೆಕ್ಕೆ, ಮೈ ಮಾತ್ರ ತಿಳಿ ಗುಲಾಬಿ. ಮಳೆಗಾಲದ ಕೊನೆಗೆ ಉತ್ತರದಿಂದ ಹಿಂಡು ಹಿಂಡಾಗಿ ಬಂದು, ಬೇಸಿಗೆ ಕಾಲಿಡುತ್ತಲೇ ಹೊರಟುಹೋಗುತ್ತವೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುವ ಹೊತ್ತಿಗೆ ಬೂರುಗ, ಮುತ್ತುಗದ ಮರಗಳು ಎಲೆ ಉದುರಿಸಿ ಹೂವಾಗಿ ನಿಂತಿರುತ್ತಿದ್ದವು. ಹಕ್ಕಿಗಳು ಹೂವಿನೊಳಗೆ ತಲೆ ತೂರಿಸಿ, ಹಣೆಯ ತುಂಬ ಹಳದಿ ಪುಡಿ ಬಳಿದುಕೊಂಡು ನಮ್ಮ ಬಲೆಗೆ ಬೀಳುತ್ತಿದ್ದವು. ಡಾಕ್ಟರು ರೆಕ್ಕೆ ಅಳೆದು, ಬಟ್ಟೆ ಚೀಲದಲ್ಲಿ ತೂಗಿ, ಇಕ್ಕಳದಿಂದ ಕಾಲಿಗೆ ಉಂಗುರ ಒತ್ತಿ ಅದರ ಮೇಲಿನ ನಂಬರು ಹೇಳುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಹಕ್ಕಿ ಹಾರಿಹೋಗುವ ಮುನ್ನ ರಿಜಿಸ್ಟರಿನ ಮೇಲೆ ತನ್ನ ಸಹಿಯನ್ನೂ ಹಾಕುತ್ತಿತ್ತು. ಅದನ್ನು ಒರೆಸುವುದೂ ದುಂಡು ಅಕ್ಷರದವನ ಪಾಲಿಗೇ ಬಂದಿತ್ತು.

ಉಂಗುರ ತೊಡಿಸುವುದು ಈ ವಿದ್ಯೆಯ ಅರ್ಧ ಭಾಗ ಮಾತ್ರ. ಆ ಹಕ್ಕಿ ಇನ್ನೆಲ್ಲೋ ಸಿಕ್ಕಿ, ಸಿಕ್ಕವರು ಅದರ ನಂಬರು ಓದಿ ತಿಳಿಸಬೇಕು. ಆಗ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ಡಾಕ್ಟರ ಜೀವಕ್ಕೆ ಇದ್ದ ಆಸೆ ಅದೊಂದೇ. ಮಕ್ಕಳ ಹಳೆಯ ಅಟ್ಲಾಸ್ ಒಂದನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು, ಒಂದು ಗುಂಡುಸೂಜಿಯನ್ನು ಸಿದ್ಧ ಮಾಡಿಕೊಂಡಿದ್ದರು. ಹಿಮಾಲಯದ ಆಚೆಗೆ, ಹೆಸರು ಓದಲು ನಾಲಿಗೆ ಹೊರಳದ ಯಾವುದೋ ಊರಿನಲ್ಲಿ ಆ ಸೂಜಿ ಚುಚ್ಚುವುದೆಂದು ಅವರ ಲೆಕ್ಕ. "ಮೇಷ್ಟ್ರೇ, ನನ್ನ ಕೈಯಾಗಿಂದ ಹಾರಿದ್ದು ಒಂದೇ ಒಂದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗಿಬಿಟ್ರೆ ಸಾಕು ಕಣ್ರೀ" ಎಂದು ಬಿಸಿ ಟೀ ಆರಿಸಿಕೊಳ್ಳುತ್ತಾ ಹೇಳುವರು. ಐದು ವರ್ಷದಿಂದ ಆ ಸೂಜಿ ಡಬ್ಬಿಯಲ್ಲೇ ಇತ್ತು.

ಐದನೆಯ ವರ್ಷದ ಸಂಕ್ರಾಂತಿಯ ಮಾರನೆಯ ದಿನ, ಉಂಗುರ ಕಳಿಸುತ್ತಿದ್ದ ದೂರದ ಸಂಸ್ಥೆಯವರಿಂದ ಕಾಗದ ಬಂತು. ಮರ್ಯಾದೆಯ ಕಾಗದ. ನಿಮ್ಮ ಕೆಲಸ ಅಚ್ಚುಕಟ್ಟಾಗಿದೆ, ಆದರೆ ನೀವು ಉಂಗುರ ಹಾಕಿದ ಒಂದು ಹಕ್ಕಿಯ ಸುದ್ದಿಯೂ ಎಲ್ಲಿಂದಲೂ ಬಂದಿಲ್ಲ. ಉಂಗುರಗಳು ಕಡಿಮೆ ಇವೆ. ಈ ವಸಂತದಲ್ಲಿ ಒಂದಾದರೂ ಸುದ್ದಿ ಬರದಿದ್ದರೆ ಮುಂದಿನ ವರ್ಷದಿಂದ ಬೇರೆ ಕೇಂದ್ರಕ್ಕೆ ಕೊಡುತ್ತೇವೆ. ಡಾಕ್ಟರು ಎರಡು ಸಲ ಓದಿ ಕಾಗದವನ್ನು ಅಟ್ಲಾಸಿನೊಳಗೆ ಮಡಿಸಿಟ್ಟರು. ಆ ದಿನ ಅವರು ಊಟ ಮಾಡಲಿಲ್ಲವೆಂದು ಅವರ ಮನೆಯವರು ನನಗೆ ಹೇಳಿದರು.

ಲೋಟದ ಉಪಾಯ ನನ್ನದು. ಆಗ ಸ್ಟೀಲ್ ಲೋಟಕ್ಕೆ ಇದ್ದ ಬೆಲೆ ಈಗ ಬೆಳ್ಳಿ ಲೋಟಕ್ಕೂ ಇಲ್ಲ. ಉಂಗುರ ತಂದುಕೊಟ್ಟವರಿಗೆ ಒಂದು ಲೋಟ ಎಂದರೆ ಜನ ಬಿಡುತ್ತಾರೆಯೇ ಎಂದೆ. ಹೊನ್ನಾಳಿಯ ಪಾತ್ರೆ ಅಂಗಡಿಯಲ್ಲಿ ಹನ್ನೆರಡು ಲೋಟ ಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತವನಿಂದ ಅಕ್ಷರ ಕೊರೆಸಿ, ಪ್ರೆಸ್ಸಿನಲ್ಲಿ ಒಂದು ಕಟ್ಟು ಹ್ಯಾಂಡ್‌ಬಿಲ್ ಮಾಡಿಸಿದೆವು. ಹ್ಯಾಂಡ್‌ಬಿಲ್ಲಿನ ಒಕ್ಕಣೆಯೂ ನನ್ನದೇ. ಹಕ್ಕಿಯ ಕಾಲಿನಲ್ಲಿ ಉಂಗುರ ಕಂಡರೆ ತೆಗೆದು ಈ ವಿಳಾಸಕ್ಕೆ ತಂದುಕೊಡಿ ಎಂದು ಬರೆದಿದ್ದೆ. ಹಕ್ಕಿಯ ಕಾಲಿನಿಂದ ಉಂಗುರ ತೆಗೆಯುವುದು ಹೇಗೆ, ತೆಗೆದರೆ ಹಕ್ಕಿಯ ಗತಿಯೇನು ಎಂದು ನನಗೆ ಹೊಳೆಯಲೇ ಇಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದವನು ನಾನು.

ಹ್ಯಾಂಡ್‌ಬಿಲ್ ಇನ್ನೂ ಹಂಚಿರಲಿಲ್ಲ. ಶಿವರಾತ್ರಿಗೆ ಮುಂಚಿನ ಭಾನುವಾರ ಬಲೆಗೆ ಬಿದ್ದ ಒಂದು ಜೋಳದಕ್ಕಿಯ ಕಾಲಿನಲ್ಲಿ ಉಂಗುರ ಆಗಲೇ ಇತ್ತು. ನಂಬರು ನೋಡಿದರೆ ನಮ್ಮದೇ, ಎರಡು ವರ್ಷದ ಹಿಂದೆ ನಾನೇ ಬರೆದದ್ದು. ಇದರಲ್ಲಿ ವಿಶೇಷವೇನಿಲ್ಲ. ನಮ್ಮ ಬಲೆಯದು ನಮ್ಮ ಬಲೆಗೇ ಬಿದ್ದರೆ ಸಂಸ್ಥೆಯವರು ಅದನ್ನು ಸುದ್ದಿ ಎನ್ನುವುದಿಲ್ಲ. ಆದರೆ ಉಂಗುರದ ಮೇಲೆ, ಅದೇ ಕಾಲಿಗೆ, ಸಣ್ಣಗೆ ಹೊಸೆದ ಕರಿ ದಾರವೊಂದನ್ನು ಯಾರೋ ಗಂಟು ಹಾಕಿ ಕಟ್ಟಿದ್ದರು. ದಾರಕ್ಕೆ ಹಳದಿ ಮೆತ್ತಿತ್ತು. ನಾನು ಬೂರುಗದ ಹೂವಿನ ಪುಡಿ ಎಂದೆ. ಡಾಕ್ಟರು ಮೂಗಿನ ಹತ್ತಿರ ಹಿಡಿದು, "ಅರಿಶಿನ" ಎಂದರು.

ಕೆಂಚಪ್ಪ ದಾರವನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ. "ಇದು ಕುರಿ ಉಣ್ಣೆ ದಾರ ಕಣ್ರೀ. ಕಂಕಣ. ನನ್ನ ಹೆಂಡ್ತಿ ತವರಿನಾಗೆ, ಜಗಳೂರು ಕಡೆ, ದೇವರಿಗೆ ಬಿಟ್ಟ ಟಗರಿಗೆ ಹಿಂಗೇ ಕಟ್ತಾರೆ. ಹಕ್ಕಿಗೆ ಕಟ್ಟಿದ್ದು ನಾನೆಲ್ಲೂ ನೋಡಿಲ್ಲ."

ಡಾಕ್ಟರು ಹಕ್ಕಿಯನ್ನು ಬಿಟ್ಟು, ದಾರವನ್ನು ರಿಜಿಸ್ಟರಿಗೆ ಅಂಟಿಸಿ, "ಕೆಂಚಪ್ಪ, ನಿನ್ನ ಮಾವನ ಮನೆಗೆ ಹೋಗಿಬರಾಣ ನಡಿ" ಎಂದರು.

ಆಗ ಜಗಳೂರು ಚಿತ್ರದುರ್ಗ ಜಿಲ್ಲೆ, ನಾವು ಶಿವಮೊಗ್ಗ ಜಿಲ್ಲೆ. ಬೇರೆ ಜಿಲ್ಲೆಗೆ ಹೋಗುತ್ತೇವೆಂದು ನಾನು ಹೊಸ ಚಪ್ಪಲಿ ಹಾಕಿಕೊಂಡು ಹೊರಟೆ. ಹೊನ್ನಾಳಿಯಲ್ಲಿ ಒಂದು ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು, ಜಗಳೂರಿನಿಂದ ಮುಂದೆ ನಡಿಗೆ. ನಮ್ಮ ಗದ್ದೆಯ ಹಸಿರು ದಾವಣಗೆರೆಗೇ ಮುಗಿದಿತ್ತು. ಕರಿ ನೆಲ, ಕುರಿ ಹಿಂಡು, ಕಣ್ಣು ಹಾಯುವಷ್ಟು ದೂರ ತೆನೆ ತುಂಬಿದ ಹಿಂಗಾರಿ ಜೋಳ. ಚಪ್ಪಲಿ ಕಚ್ಚಿ ನಾನು ಕುಂಟುತ್ತಿದ್ದೆ. ನನ್ನ ಹೆಗಲ ಚೀಲದಲ್ಲಿ ಹ್ಯಾಂಡ್‌ಬಿಲ್ಲಿನ ಕಟ್ಟು, ಡಾಕ್ಟರ ಚೀಲದಲ್ಲಿ ಒಂದು ಲೋಟ.

ಕೆಂಚಪ್ಪನ ಹೆಂಡತಿಯ ದೊಡ್ಡಮ್ಮ ಓಬಕ್ಕ ಹೊಲದ ನಡುವೆ ಅಟ್ಟಣೆಯ ಮೇಲೆ ಕೂತು ಹಕ್ಕಿ ಕಾಯುತ್ತಿದ್ದರು. ಕೈಯಲ್ಲಿ ಒಂದು ತಗಡಿನ ಡಬ್ಬ, ಒಂದು ಕೋಲು. ನಾವು ನೋಡುತ್ತಿದ್ದಂತೆಯೇ ಜೋಳದಕ್ಕಿಯ ಹಿಂಡೊಂದು ಬಂದು ತೆನೆಗಳ ಮೇಲೆ ಇಳಿಯಿತು. ಓಬಕ್ಕ ಡಬ್ಬ ಬಡಿದರು. ಹಿಂಡು ಎದ್ದು, ಸುತ್ತಿ, ಹೊಲದ ಇನ್ನೊಂದು ತಲೆಗೆ ಇಳಿಯಿತು. ನಾನಾದರೂ ನಿದ್ದೆ ಮಾಡಿ ಕಾಗೆಗಳಿಗೆ ಉಣ್ಣಿಸುತ್ತಿದ್ದೆ. ಇವರು ಎಚ್ಚರವಿದ್ದೇ ಉಣ್ಣಿಸುತ್ತಿದ್ದರು.

ಕೆಳಗಿಳಿದು ಬಂದ ಮೇಲೆ ಡಾಕ್ಟರು ನಿಧಾನವಾಗಿ ಕಂಕಣದ ಮಾತು ಎತ್ತಿದರು.

"ನಾನೇ ಕಟ್ಟಿದ್ದು ಕಣಪ್ಪ" ಎಂದರು ಓಬಕ್ಕ. "ಸಂಕ್ರಾಂತಿ ಆಗಿ ನಾಕು ದಿನಕ್ಕೆ. ಕವಣೆ ಬೀಸಿದ್ದೆ. ಕಲ್ಲು ತಾಗಿ ಒಂದು ಕೆಳಗೆ ಬಿತ್ತು. ಎತ್ತಿ ನೋಡಿದ್ರೆ ಕಾಲಾಗೆ ಕಡಗ. ಯಾರೋ ದೇವರಿಗೆ ಬಿಟ್ಟ ಹಕ್ಕಿ. ಮಂಕರಿ ಕೆಳಗೆ ಇಟ್ಟು, ಕಾಳು ನೀರು ಕೊಟ್ಟು, ತಪ್ಪಾತು ಅಂತ ಕಂಕಣ ಕಟ್ಟಿದೆ. ಬೆಳಗಾಗ ತಲೆ ಎತ್ತಿತು. ಬಿಟ್ಟೆ. ಆವತ್ತಿನಿಂದ ಕವಣೆ ಮುಟ್ಟಿಲ್ಲ."

"ಊರಿನವರು?"

"ಮುಂಚೆ ಬಲೆ ಹಾಕ್ತಿದ್ರು. ಪುಟ್ಟಿಗಟ್ಟಲೆ ಹಿಡಿದು ಸಾರು ಮಾಡೋರು. ಮೂರು ವರ್ಷದ ಕೆಳಗೆ ಬಲೆಯಾಗೆ ಒಂದು ಕಡಗದ್ದು ಬಂತು ನೋಡು, ಅವತ್ತೇ ಬಲೆ ಬಿಟ್ರು. ಇಷ್ಟು ಹಕ್ಕಿಯಾಗೆ ದೇವರದು ಯಾವುದು, ದೇವರದಲ್ಲದ್ದು ಯಾವುದು ಅಂತ ಹೆಂಗೆ ಹೇಳಾಕಾಗ್ತೈತೆ? ತಿನ್ನಲಿ ಬಿಡು, ನಾಕು ಕಾಳು."

"ಕಡಗದ ಮೇಲೆ ಏನೋ ಬರೆದಿರ್ತದೆ, ನೋಡಿದ್ರಾ?" ಡಾಕ್ಟರ ದನಿ ಸಣ್ಣಗಾಗಿತ್ತು.

"ದೇವರ ಹೆಸರಿರ್ತೈತೆ. ನಂಗೆ ಓದಾಕೆ ಬರಲ್ಲ."

ಐದು ವರ್ಷ ಒಂದೂ ಸುದ್ದಿ ಬರದೆ ಇದ್ದದ್ದು ಯಾಕೆಂದು ಆಗ ಗೊತ್ತಾಯಿತು. ಉಂಗುರ ಸಿಕ್ಕಿತ್ತು, ಸಿಕ್ಕವರು ಹಣೆಗೊತ್ತಿಕೊಂಡು ಬಿಟ್ಟುಬಿಟ್ಟಿದ್ದರು. ನನಗೆ ಖುಷಿಯಾಯಿತು. ಇದನ್ನು ಸರಿಪಡಿಸುವುದು ಎಷ್ಟು ಸುಲಭ. ಇದು ದೇವರದ್ದಲ್ಲ, ಬರೀ ತಗಡು, ತೆಗೆದು ತಂದರೆ ಲೋಟ ಕೊಡುತ್ತೇವೆ ಎಂದು ಒಂದು ಮಾತು ಹೇಳಿದರೆ ಯುಗಾದಿಯೊಳಗೆ ಸಂಸ್ಥೆಗೆ ಒಂದಲ್ಲ ಹತ್ತು ನಂಬರು ಕಳಿಸಬಹುದು. ನಾನು ಚೀಲದ ಬಾಯಿ ಬಿಚ್ಚಿ ಹ್ಯಾಂಡ್‌ಬಿಲ್ಲಿಗೆ ಕೈ ಹಾಕಿದೆ. ಡಾಕ್ಟರು ನನ್ನ ಕೈಯನ್ನು ಚೀಲದೊಳಗೇ ಒತ್ತಿ ಹಿಡಿದರು. ಎತ್ತಿನ ಬಾಯಿ ಬಿಡಿಸುತ್ತಿದ್ದ ಕೈ ಅದು, ಅಲುಗಾಡಿಸಲು ಆಗಲಿಲ್ಲ.

"ಈಗ ತೆಗೀಬ್ಯಾಡ್ರಿ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. "ಲೋಟದ ಆಸೆಗೆ ಕಾಲು ಮುರೀತಾರೆ. ಕಡಗ ಇಲ್ದೇ ಇದ್ದದ್ದನ್ನೂ ಹಿಡಿದು ನೋಡ್ತಾರೆ. ನಾನು ಐದು ವರ್ಷದಿಂದ ಸುದ್ದಿ ಬರ್ಲಿ, ಸುದ್ದಿ ಬರ್ಲಿ ಅಂತ ಕಾಯ್ತಾ ಇದ್ನಲ್ಲ ಮೇಷ್ಟ್ರೇ, ಒಂದಾದ್ರೂ ಸಾಯ್ಲಿ ಅಂತ ಕಾಯ್ತಾ ಇದ್ದಂಗಾಯ್ತಲ್ಲ."

ಓಬಕ್ಕ ನಮ್ಮ ಗುಸುಗುಸು ನೋಡಿ ಏನೋ ಊಹೆ ಮಾಡಿದರು. "ನೀವೇ ಬಿಟ್ಟೋರಾ ಅವನ್ನ? ಯಾವ ದೇವರಿಗೆ ಬಿಟ್ಟಿದ್ದಪ್ಪ?"

ಡಾಕ್ಟರು ಪೂಜೆ ಪುನಸ್ಕಾರದವರಲ್ಲ. ಮನೆಯಲ್ಲಿ ಲಿಂಗಪೂಜೆಯನ್ನೂ ಹೆಂಡತಿಗೇ ಬಿಟ್ಟುಕೊಟ್ಟಿದ್ದವರು. ಅವರು ಹೊಲದ ಆಚೆ ತಲೆಗೆ ಇಳಿದ ಹಿಂಡನ್ನು ನೋಡುತ್ತಾ, "ನಿಮ್ಮೂರ ದೇವರಿಗೇ ಬಿಟ್ಟಿದ್ದು ಕಣಮ್ಮ" ಎಂದರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಡಾಕ್ಟರು ಸಂಸ್ಥೆಗೆ ಎಲ್ಲವನ್ನೂ ಬರೆದರು, ದಾರದ ಒಂದು ತುಂಡನ್ನೂ ಲಕೋಟೆಯಲ್ಲಿಟ್ಟು ಕಳಿಸಿದರು. ಬಹಳ ಸ್ವಾರಸ್ಯವಾಗಿದೆ, ಆದರೆ ಸಿಕ್ಕವರು ನಂಬರು ಓದಿಲ್ಲವಾದ್ದರಿಂದ ದಾರವನ್ನು ದಾಖಲೆ ಎಂದು ಸೇರಿಸಲು ಬರುವುದಿಲ್ಲ ಎಂದು ಅವರು ಉತ್ತರ ಬರೆದರು. ಅವರ ತಪ್ಪೇನೂ ಇಲ್ಲ, ಶಾಸ್ತ್ರವೆಂದರೆ ಶಾಸ್ತ್ರ. ಮರುವರ್ಷ ಉಂಗುರ ಬರಲಿಲ್ಲ. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಡಿಕೊಂಡರು, ಆ ಚಳಿಗಾಲವೆಲ್ಲ ಕೆರೆ ಕಡೆ ಹೋಗಲಿಲ್ಲ. ಅಟ್ಲಾಸಿನಲ್ಲಿ ಮಾತ್ರ ಸೂಜಿ ಚುಚ್ಚಿದರು. ಇಂಡಿಯಾ ಭೂಪಟದಲ್ಲಿ ಸವಳಂಗವೂ ಜಗಳೂರೂ ಆ ಸೂಜಿಯ ಒಂದೇ ತಲೆಯ ಕೆಳಗೆ ಮುಚ್ಚಿಹೋದವು. ಹ್ಯಾಂಡ್‌ಬಿಲ್ಲುಗಳನ್ನು ನಾನು ಶಾಲೆಗೆ ಒಯ್ದೆ. ಎರಡು ವರ್ಷ ನಮ್ಮ ಮಕ್ಕಳು ಅವುಗಳ ಹಿಂಬದಿಯಲ್ಲಿ ಲೆಕ್ಕ ಮಾಡಿದರು. ಲೋಟಗಳು ಕೆಂಚಪ್ಪನ ಮನೆಗೆ, ಹೆಡ್‌ಮೇಷ್ಟ್ರ ಮನೆಗೆ, ನನ್ನ ಮದುವೆಯಲ್ಲಿ ನನಗೆ ಹೀಗೆ ಹಂಚಿಹೋದವು. ಡಾಕ್ಟರು ಈಗಿಲ್ಲ.

ಆದರೆ ಒಂದು ಲೋಟ ಅವತ್ತೇ ಹೋಗಿತ್ತು. ನಾವು ಹೊರಡುವ ಮುಂಚೆ ಓಬಕ್ಕ ಮಡಕೆಯಿಂದ ನೀರು ಬಗ್ಗಿಸಿ ನಗ್ಗಿದ ಅಲ್ಯೂಮಿನಿಯಂ ಲೋಟದಲ್ಲಿ ಒಬ್ಬೊಬ್ಬರಿಗೂ ಕೊಟ್ಟರು. ಡಾಕ್ಟರು ಕುಡಿದು, ತಮ್ಮ ಚೀಲದಿಂದ ಸ್ಟೀಲ್ ಲೋಟ ತೆಗೆದು ಅವರ ಕೈಗಿಟ್ಟರು.

"ಯಾತಕ್ಕಪ್ಪ ಇದು?"

"ನಮ್ಮ ಹಕ್ಕಿಗೆ ಕಾಳು ನೀರು ಕೊಟ್ಟಿದ್ರಲ್ಲ, ಅದಕ್ಕೆ."

ಓಬಕ್ಕನಿಗೆ ಆಸೆಯಾಗಿತ್ತು. ಲೋಟವನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಹೆಬ್ಬೆರಳಿಗೆ ಚುಕ್ಕಿಗಳು ಸಿಕ್ಕವು. ಕೂಡಲೇ ಅದನ್ನು ಡಾಕ್ಟರಿಗೆ ವಾಪಸು ನೀಡಿದರು.

"ಬ್ಯಾಡಪ್ಪ. ಹೆಸರು ಕೊರ್ಸಿದ್ದು ಐತೆ. ಬ್ಯಾರೆಯೋರ ಹೆಸರಿನ ಪಾತ್ರೆ ನಾನು ಮನೆಯಾಗೆ ಇಟ್ಕಳಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. "ಬ್ಯಾರೆಯೋರದಲ್ಲ ಕಣಮ್ಮ. ಬೇಕಾದ್ರೆ ಕೇಳಿ, ಇವರು ಮೇಷ್ಟ್ರು, ಓದಿ ಹೇಳ್ತಾರೆ" ಎಂದು ಲೋಟವನ್ನು ನನ್ನ ಕೈಗೆ ದಾಟಿಸಿದರು.

ಇಲ್ಲದ ಅಕ್ಷರ ಓದಿದ ಮಕ್ಕಳ ಕಿವಿ ನಾನು ಎಷ್ಟು ಸಲ ಹಿಂಡಿದ್ದೆನೋ ಲೆಕ್ಕವಿಲ್ಲ. ಲೋಟವನ್ನು ಎತ್ತಿ ಹಿಡಿದು, ಒಂದೊಂದು ಪದಕ್ಕೂ ಬೆರಳಿಟ್ಟು, ಪಾಠ ಓದುವ ದನಿಯಲ್ಲಿ ಓದಿದೆ:

"ದೇವರ ಹಕ್ಕಿ ಕಾಯ್ದ ಓಬಕ್ಕ."

ಓಬಕ್ಕ ಹತ್ತಿರ ಬಂದು ಲೋಟದ ಮೇಲೆ ಬಗ್ಗಿದರು. ಆಮೇಲೆ, "ನನ್ನ ಹೆಸರೂ ಐತಾ?" ಎಂದರು.

"ಐತೆ."

"ಎಲ್ಲೈತೆ, ತೋರ್ಸು."

ನಾನು ಅವರ ತೋರುಬೆರಳು ಹಿಡಿದು 'ಬಹುಮಾನ' ಎಂಬ ಪದದ ಮೇಲೆ ಇಟ್ಟೆ. ಅವರು ಅದನ್ನು ಆ ಕಡೆಯಿಂದ ಈ ಕಡೆಗೆ, ಒಂದು ಚುಕ್ಕಿಯನ್ನೂ ಬಿಡದೆ, ಎರಡು ಸಲ ಸವರಿ ನೋಡಿಕೊಂಡರು.